ಮಕ್ಕಳ ಕೈಯ ಆಟಕ್ಕೆ ವಯಸ್ಸಿನ ಗುರುತು ಕಡ್ಡಾಯವಾಗಲಿ

ಹದಿನಾಲ್ಕು ವರ್ಷದೊಳಗಿನ ಮಕ್ಕಳು ಆಡುವ ಪ್ಲಾಸ್ಟಿಕ್ ಗೊಂಬೆಗೂ ಆಟಿಕೆ ಕಾರಿಗೂ 2021ರ ಜನವರಿ 1ರಿಂದ ಭಾರತದಲ್ಲಿ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಸಸ್ಯಾಹಾರವನ್ನು ಸೂಚಿಸುವ ಹಸಿರು ಚುಕ್ಕಿ ಇರಲೇಬೇಕು. ‘ಎ’ ಪ್ರಮಾಣಪತ್ರ ಪಡೆದ ಚಲನಚಿತ್ರಕ್ಕೆ ಹದಿನೆಂಟು ತುಂಬದವರನ್ನು ಚಿತ್ರಮಂದಿರದೊಳಗೆ ಬಿಡುವಂತಿಲ್ಲ. ಅದೇ ಮಗು ಮನೆಯ ಮೂಲೆಯಲ್ಲಿ ಕುಳಿತು ಗಂಟೆಗಟ್ಟಲೆ ಆಡುವ ವಿಡಿಯೋ ಗೇಮ್ ಯಾವ ವಯಸ್ಸಿಗೆ ತಕ್ಕುದೆಂದು ಪರಿಶೀಲಿಸಿ ಗುರುತು ಹಾಕಬೇಕೆಂದು ವಿಧಿಸುವ, ಸಿನಿಮಾಕ್ಕಿರುವಂಥ ಕಾಯ್ದೆಯನ್ನು ಮಾತ್ರ ಸಂಸತ್ತು ರೂಪಿಸಿಲ್ಲ. ಈ ಕೊರತೆಯನ್ನು ನಿಷೇಧದಿಂದಲ್ಲ, ವರ್ಗೀಕರಣದಿಂದ ತುಂಬಬೇಕೆಂಬುದೇ ಈ ಕರಪತ್ರದ ವಾದ.

ವಯೋಮಾನ ವರ್ಗೀಕರಣವೆಂದರೆ ಒಂದು ಕೃತಿಯಲ್ಲಿ ಹಿಂಸೆ, ಲೈಂಗಿಕತೆ, ಬೈಗುಳ, ಮಾದಕವಸ್ತು, ಜೂಜು ಮುಂತಾದವು ಎಷ್ಟರ ಮಟ್ಟಿಗೆ ಇವೆಯೆಂದು ಅಳೆದು, ಅದು ಎಷ್ಟನೆಯ ವಯಸ್ಸಿನಿಂದ ನೋಡಲು ಅಥವಾ ಆಡಲು ಯೋಗ್ಯವೆಂದು ತಿಳಿಸುವ ಕ್ರಮ. ಈ ಕ್ರಮ ಭಾರತಕ್ಕೆ ಹೊಸದಲ್ಲ. 1952ರ ಚಲನಚಿತ್ರ ಕಾಯ್ದೆಯ ಅಡಿಯಲ್ಲಿ ‘ಯು’ ಮತ್ತು ‘ಎ’ ಎಂಬ ವರ್ಗಗಳಿದ್ದವು, 1983ರಲ್ಲಿ ‘ಯುಎ’ ಸೇರಿತು, 2023ರ ತಿದ್ದುಪಡಿಯು ಅದನ್ನು 7, 13, 16 ವರ್ಷಗಳ ಮೂರು ಹಂತಗಳಾಗಿ ಒಡೆಯಿತು. ಮನೆಮನೆಗೆ ಬಂದ ಒಟಿಟಿ ವೇದಿಕೆಗಳಿಗೂ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಇಂಥದೇ ವರ್ಗಗಳನ್ನು ವಿಧಿಸಿದವು. ಆದರೆ ಆ ನಿಯಮಗಳು ಚಲನಚಿತ್ರ, ಧಾರಾವಾಹಿ, ಸಾಕ್ಷ್ಯಚಿತ್ರ, ಪಾಡ್‌ಕಾಸ್ಟ್‌ಗಳನ್ನು ಹೆಸರಿಸುತ್ತವೆಯೇ ಹೊರತು ಗೇಮ್‌ಗಳನ್ನು ಹೆಸರಿಸುವುದಿಲ್ಲ.

ಪ್ಲೇ ಸ್ಟೋರ್‌ನಲ್ಲಿ ಗೇಮ್‌ನ ಹೆಸರಿನ ಬಳಿ ‘12+’ ಎಂಬಂಥ ಸಣ್ಣ ಗುರುತು ಈಗಲೂ ಕಾಣುತ್ತದಲ್ಲ ಎಂದು ಕೇಳುವವರುಂಟು. ಆ ಗುರುತು ಹುಟ್ಟುವ ಬಗೆಯನ್ನು ಬಲ್ಲವರು ಅಷ್ಟಕ್ಕೇ ಸಮಾಧಾನಪಡಲಾರರು. ಗೇಮ್ ತಯಾರಿಸಿದವರೇ ಒಂದು ಪ್ರಶ್ನಾವಳಿಗೆ ಉತ್ತರ ತುಂಬುತ್ತಾರೆ. ವಿದೇಶಗಳ ವರ್ಗೀಕರಣ ಸಂಸ್ಥೆಗಳು ಕೂಡಿ ಕಟ್ಟಿದ ಐಎಆರ್‌ಸಿ ಎಂಬ ಒಕ್ಕೂಟದ ತಂತ್ರಾಂಶವು ಆ ಉತ್ತರಗಳ ಆಧಾರದಲ್ಲಿ ತತ್‌ಕ್ಷಣವೇ ಗುರುತು ನೀಡುತ್ತದೆ. ಉತ್ತರ ತಪ್ಪಿದ್ದರೆ ದೂರು ಅಥವಾ ಮರುಪರಿಶೀಲನೆ ಆಗುವವರೆಗೆ ಗುರುತೂ ತಪ್ಪಾಗಿಯೇ ಇರುತ್ತದೆ. ಆಪಲ್ ಸಂಸ್ಥೆಯ ಮಳಿಗೆಯಲ್ಲಿ ಇನ್ನೊಂದೇ ಬಗೆಯ ಹಂತಗಳಿರುವುದರಿಂದ, ಅದೇ ಗೇಮ್ ಒಂದು ಫೋನಿನಲ್ಲಿ ಒಂದು ವಯಸ್ಸನ್ನೂ ಮತ್ತೊಂದರಲ್ಲಿ ಬೇರೊಂದು ವಯಸ್ಸನ್ನೂ ಹೇಳಬಹುದು. ತಯಾರಕರ ಮಾತನ್ನಷ್ಟೇ ನಂಬಿದರೆ ಏನಾಗಬಹುದೆಂಬುದನ್ನು ಅಮೆರಿಕ 2005ರಲ್ಲಿ ಕಂಡಿತು. ‘ಗ್ರ್ಯಾಂಡ್ ಥೆಫ್ಟ್ ಆಟೊ: ಸ್ಯಾನ್ ಆಂಡ್ರಿಯಾಸ್’ ಎಂಬ ಗೇಮ್ 17 ವರ್ಷ ಮೇಲ್ಪಟ್ಟವರ ವರ್ಗದಲ್ಲಿ ಮಾರಾಟವಾಗುತ್ತಿದ್ದಾಗ, ಅದರ ತಂತ್ರಾಂಶದೊಳಗೆ ಲೈಂಗಿಕ ದೃಶ್ಯವೊಂದು ಹುದುಗಿರುವುದು ಹೊರಬಿದ್ದು, ಅದನ್ನು ವಯಸ್ಕರಿಗೆ ಮಾತ್ರವೆಂಬ ವರ್ಗಕ್ಕೆ ಬದಲಿಸಬೇಕಾಯಿತು. ಅಷ್ಟರಲ್ಲಿ ಅದು ಲಕ್ಷಾಂತರ ಮನೆಗಳನ್ನು ಸೇರಿಯಾಗಿತ್ತು.

ಹಿಂಸೆಯ ದೃಶ್ಯಗಳಿಗಿಂತಲೂ ಹೆಚ್ಚು ಗಮನಕ್ಕೆ ಅರ್ಹವಾದುದು, ಪಾಲಕರ ಕಣ್ಣಿಗೆ ಬೀಳುವುದೇ ಕಡಿಮೆಯಾದ ‘ಲೂಟ್ ಬಾಕ್ಸ್’. ಒಳಗೇನಿದೆಯೆಂದು ತಿಳಿಯದೆಯೇ ಹಣ ಕೊಟ್ಟು ತೆರೆಯುವ ಪೆಟ್ಟಿಗೆ ಅದು. ಪರದೆಯ ಮೇಲೆ ಪೆಟ್ಟಿಗೆ ನಡುಗುತ್ತದೆ, ಬಿರುಕಿನಿಂದ ಚಿನ್ನದ ಬಣ್ಣದ ಬೆಳಕು ಚಿಮ್ಮುತ್ತದೆ, ಅಪರೂಪದ ಬಂದೂಕು ಅಥವಾ ಉಡುಪು ಕಣ್ಣಮುಂದೆ ಸುಳಿದು ಹೋಗಿ ಕೊನೆಗೆ ಎಲ್ಲರಲ್ಲೂ ಇರುವ ಸಾಮಾನ್ಯ ವಸ್ತುವೇ ಕೈಗೆ ಬರುತ್ತದೆ, ಪಕ್ಕದಲ್ಲೇ ‘ಮತ್ತೊಮ್ಮೆ’ ಎಂಬ ಗುಂಡಿ ಮಿನುಗುತ್ತದೆ. ಜಾತ್ರೆಯ ಜೂಜುಕಟ್ಟೆಯಲ್ಲಿ ನಡೆಯುವುದೂ ಇದೇ. ವ್ಯತ್ಯಾಸವೆಂದರೆ, ಅಲ್ಲಿ ಹತ್ತು ವರ್ಷದ ಹುಡುಗ ನಿಂತಿದ್ದರೆ ಊರಿನ ಹಿರಿಯರು ಯಾರಾದರೂ ಗದರಿಸಿ ಕಳುಹಿಸುತ್ತಾರೆ. ಆಸ್ಟ್ರೇಲಿಯಾ 2024ರ ಸೆಪ್ಟೆಂಬರ್ 22ರಿಂದ ಹಣ ತೆತ್ತು ಅದೃಷ್ಟ ಪರೀಕ್ಷಿಸುವ ಇಂಥ ಪೆಟ್ಟಿಗೆಗಳಿರುವ ಹೊಸ ಗೇಮ್‌ಗಳಿಗೆ 15 ವರ್ಷದೊಳಗಿನವರಿಗೆ ಸೂಕ್ತವಲ್ಲವೆಂಬ ‘ಎಂ’ ಗುರುತನ್ನೂ, ಜೂಜಾಟವನ್ನೇ ಅನುಕರಿಸುವ ಗೇಮ್‌ಗಳಿಗೆ 18ರ ನಿರ್ಬಂಧವನ್ನೂ ವಿಧಿಸಿತು. ಜರ್ಮನಿಯ ಯುವಜನ ಸಂರಕ್ಷಣಾ ಕಾಯ್ದೆಯು 2021ರ ತಿದ್ದುಪಡಿಯ ನಂತರ, ಅಪರಿಚಿತರೊಡನೆ ಹರಟೆ, ಖರೀದಿಯ ಒತ್ತಡ ಮುಂತಾದ ಅಪಾಯಗಳನ್ನೂ ವರ್ಗೀಕರಣದ ವೇಳೆ ಪರಿಗಣಿಸುತ್ತದೆ. ಬ್ರಿಟನ್ನಿನಲ್ಲಿ 2012ರ ಜುಲೈನಿಂದ 12, 16, 18ರ ಗುರುತಿನ ಗೇಮ್‌ಗಳನ್ನು ಅದಕ್ಕಿಂತ ಕಿರಿಯರಿಗೆ ಅಂಗಡಿಯಲ್ಲಿ ಮಾರುವುದು ಅಪರಾಧ.

ಇದಕ್ಕೆ ಎದುರಾಗುವ ಗಂಭೀರ ಆಕ್ಷೇಪವೆಂದರೆ ಅಭಿವ್ಯಕ್ತಿ ಸ್ವಾತಂತ್ರ್ಯದ್ದು. ಹಿಂಸಾತ್ಮಕ ಗೇಮ್‌ಗಳನ್ನು ಅಪ್ರಾಪ್ತರಿಗೆ ಮಾರಬಾರದೆಂದು ಕ್ಯಾಲಿಫೋರ್ನಿಯಾ 2005ರಲ್ಲಿ ಮಾಡಿದ ಕಾಯ್ದೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2011ರ ಜೂನ್ 27ರಂದು 7–2ರ ಬಹುಮತದಿಂದ ರದ್ದುಗೊಳಿಸಿ, ಗೇಮ್‌ಗಳೂ ಪುಸ್ತಕ, ನಾಟಕಗಳಂತೆ ರಕ್ಷಣೆಗೆ ಅರ್ಹವೆಂದು ಸಾರಿತು. ಉದ್ಯಮವೇ 1994ರಲ್ಲಿ ಕಟ್ಟಿಕೊಂಡ ಸ್ವಯಂಪ್ರೇರಿತ ವರ್ಗೀಕರಣ ಅಲ್ಲಿ ಸಾಕಷ್ಟು ಫಲ ಕೊಟ್ಟಿದೆಯೆಂಬುದೂ ನಿಜ: ತೀರ್ಪು ಬಂದ 2011ರಲ್ಲೇ ಸರ್ಕಾರಿ ಆಯೋಗವೊಂದು ಹದಿಹರೆಯದವರನ್ನು ಒಂಟಿಯಾಗಿ ಅಂಗಡಿಗಳಿಗೆ ಕಳುಹಿಸಿ ಪರೀಕ್ಷಿಸಿದಾಗ, 17ರ ಮಿತಿಯ ಗೇಮ್ ಶೇ 13ರಷ್ಟು ಮಂದಿಗೆ ಮಾತ್ರ ಸಿಕ್ಕಿತು. ಆದರೆ ಆ ಯಶಸ್ಸು ಅಂಗಡಿಯ ಗಲ್ಲಾದ ಹಿಂದೆ ಕುಳಿತು ವಯಸ್ಸು ಕೇಳುವ ಮನುಷ್ಯನದು. ಅಪ್ಪನ ಫೋನಿನಲ್ಲಿ ಅಪ್ಪನ ಹೆಸರಿನ ಖಾತೆಯಿಂದಲೇ ಗೇಮ್ ಇಳಿಸಿಕೊಳ್ಳುವ ಭಾರತದ ಮಗುವಿಗೂ ಮಳಿಗೆಗೂ ನಡುವೆ ಅಂಥ ಮನುಷ್ಯನಿಲ್ಲ. ಇನ್ನು ಭಾರತದ ಸುಪ್ರೀಂ ಕೋರ್ಟು 1970ರ ಕೆ. ಎ. ಅಬ್ಬಾಸ್ ಪ್ರಕರಣದಲ್ಲೇ ಚಲನಚಿತ್ರಗಳನ್ನು ವಯಸ್ಸಿಗೆ ತಕ್ಕಂತೆ ವಿಂಗಡಿಸುವುದನ್ನು ಎತ್ತಿಹಿಡಿದಿದೆ. ಗುರುತು ಹಾಕುವುದು ಬೇರೆ, ಕತ್ತರಿ ಹಾಕುವುದು ಬೇರೆ. ವಯಸ್ಕರು ಆಡುವುದನ್ನು ಈ ಕಾಯ್ದೆ ತಡೆಯಬೇಕಾಗಿಲ್ಲ, ತಡೆಯಲೂಬಾರದು.

ನಿಷೇಧದ ದಾರಿ ಎಲ್ಲಿಗೆ ಹೋಗುತ್ತದೆಂಬುದನ್ನು ಕನ್ನಡ ನಾಡು ಕಂಡಿದೆ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ರಾಜ್ಯವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಕರ್ನಾಟಕ ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. ಅನಂತರ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಅಂಥ ಆಟಗಳನ್ನು ದೇಶದಾದ್ಯಂತ ನಿಷೇಧಿಸಿ, ಉಳಿದ ಆಟಗಳ ವಿಂಗಡಣೆ ಮತ್ತು ನೋಂದಣಿಗೆ ದಾರಿ ತೆರೆದಿದೆ. ಆದರೆ ಪ್ರತಿ ಗೇಮ್‌ನ ಮೇಲೂ ವಯಸ್ಸಿನ ಗುರುತು ಇರಲೇಬೇಕೆಂದು ಕಾಯ್ದೆ ತಾನಾಗಿ ಹೇಳುವುದಿಲ್ಲ; ಅಂತರಜಾಲದ ನೆರವಿಲ್ಲದೆ ಡಿಸ್ಕ್‌ನಿಂದ ಆಡುವ ಗೇಮ್‌ಗಳು ಅದರ ವ್ಯಾಖ್ಯೆಯ ಒಳಗೆ ಬರುವುದೂ ಇಲ್ಲ.

ಆದ್ದರಿಂದ ಬೇಕಾಗಿರುವುದು ಆನ್‌ಲೈನ್ ಆಗಲಿ ಡಿಸ್ಕ್ ಆಗಲಿ ಎಲ್ಲ ಗೇಮ್‌ಗಳಿಗೂ ಅನ್ವಯಿಸುವ, ಸಿನಿಮಾದ ಹಂತಗಳನ್ನೇ ಅನುಸರಿಸುವ, ಸುಳ್ಳು ಉತ್ತರ ಕೊಟ್ಟ ತಯಾರಕರಿಗೂ ಗುರುತಿಲ್ಲದೆ ಮಾರಿದ ಮಳಿಗೆಗೂ ದಂಡ ವಿಧಿಸುವ, ಆದರೆ ಮಗುವನ್ನೂ ಪಾಲಕರನ್ನೂ ಎಂದಿಗೂ ಶಿಕ್ಷಿಸದ ಕಾಯ್ದೆ. ಒಬ್ಬಿಬ್ಬರೇ ಕೂಡಿ ಗೇಮ್ ತಯಾರಿಸುವ ಬೆಂಗಳೂರು, ಮೈಸೂರಿನ ಯುವಕ ಯುವತಿಯರಿಗೆ ಶುಲ್ಕ ಹೊರೆಯಾಗಬಾರದು. ‘ಹಣ ಕೇಳುತ್ತದೆ’, ‘ಅಪರಿಚಿತರೊಡನೆ ಮಾತು’, ‘ರಕ್ತಪಾತ’ ಎಂಬ ಸೂಚನೆಗಳು ಕನ್ನಡವೂ ಸೇರಿದಂತೆ ಆಯಾ ಭಾಷೆಗಳಲ್ಲಿ, ಇಳಿಸಿಕೊಳ್ಳುವ ಗುಂಡಿಯ ಪಕ್ಕದಲ್ಲೇ, ಅದರಷ್ಟೇ ದೊಡ್ಡ ಅಕ್ಷರಗಳಲ್ಲಿ ಇರಬೇಕು. ಇಂಗ್ಲಿಷ್ ಬಾರದ ತಾಯಿಗೆ ಓದಲಾಗದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ.

ಊರಿನ ಪ್ರತಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೂ ತನ್ನ ಮುಂದಿನ ಸಭೆಯಲ್ಲಿ ಈ ಬೇಡಿಕೆಯನ್ನು ನಿರ್ಣಯವಾಗಿ ಬರೆದು, ಪಾಲಕರ ಸಹಿಯೊಂದಿಗೆ ತನ್ನ ಕ್ಷೇತ್ರದ ಲೋಕಸಭಾ ಸದಸ್ಯರಿಗೆ ಕಳುಹಿಸಿಕೊಡಲಿ.