ನೀರು-ನೆರಳಿಲ್ಲದ ಊರಿಗೂ ಮೇಷ್ಟ್ರು ಬೇಕು

ಸರ್ಕಾರಿ ಕಚೇರಿಗಳಲ್ಲಿ ಒಂದು ಮಾತು ಬಹಳ ಹಿಂದಿನಿಂದ ಚಾಲ್ತಿಯಲ್ಲಿದೆ. ಮೇಲಿನವರ ಅವಕೃಪೆಗೆ ಪಾತ್ರನಾದ ನೌಕರನನ್ನು ‘ನೀರು-ನೆರಳಿಲ್ಲದ ಜಾಗಕ್ಕೆ’ ಎತ್ತಂಗಡಿ ಮಾಡಲಾಗುತ್ತದೆ. ಸೇವೆಯಲ್ಲಿದ್ದಾಗ ಈ ಮಾತನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಆ ಜಾಗದಲ್ಲಿಯೂ ಜನರಿದ್ದಾರೆ, ಅವರ ಮಕ್ಕಳಿಗೂ ಒಂದು ಶಾಲೆಯಿದೆ ಎಂಬ ಪ್ರಜ್ಞೆ ಆ ಮಾತಿನಲ್ಲಿಲ್ಲ. ಕುಗ್ರಾಮದ ಶಾಲೆಗಳ ಶಿಕ್ಷಕರ ಕೊರತೆಯ ಬೇರು ಇರುವುದು ಈ ಮನೋಧರ್ಮದಲ್ಲಿ ಮತ್ತು ಅದನ್ನು ಪೋಷಿಸುವ ನಿಯಮಗಳಲ್ಲಿ.

ಕೇಂದ್ರ ಶಿಕ್ಷಣ ಸಚಿವಾಲಯದ ಯು-ಡೈಸ್ ಅಂಕಿಅಂಶಗಳ ಪ್ರಕಾರ, 2024–25ರಲ್ಲಿ ದೇಶದಲ್ಲಿ ಸುಮಾರು 1.04 ಲಕ್ಷ ಏಕೋಪಾಧ್ಯಾಯ ಶಾಲೆಗಳಿದ್ದವು. ಅವುಗಳಲ್ಲಿದ್ದ ಮಕ್ಕಳು 33 ಲಕ್ಷಕ್ಕೂ ಅಧಿಕ. ಕರ್ನಾಟಕವೊಂದರಲ್ಲೇ ಅಂಥ ಶಾಲೆಗಳು 7,300ಕ್ಕೂ ಹೆಚ್ಚು. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಇಬ್ಬರು ಶಿಕ್ಷಕರಿರಬೇಕೆಂಬ ಗುರಿಯನ್ನು 1987ರ ಆಪರೇಷನ್ ಬ್ಲಾಕ್‌ಬೋರ್ಡ್ ಯೋಜನೆಯೇ ಹೊಂದಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ಕಾನೂನಾಗಿಸಿತು. ಆ ಕಾಯ್ದೆಯ 26ನೇ ಕಲಮು, ಯಾವುದೇ ಸರ್ಕಾರಿ ಶಾಲೆಯಲ್ಲಿ ಖಾಲಿ ಹುದ್ದೆಗಳು ಮಂಜೂರಾದ ಹುದ್ದೆಗಳ ಶೇ 10ನ್ನು ಮೀರಕೂಡದು ಎನ್ನುತ್ತದೆ. ಕಾಯ್ದೆ ಹೇಳುವುದು ಒಂದೊಂದು ಶಾಲೆಯ ಲೆಕ್ಕವನ್ನು. ಆಡಳಿತ ಒಪ್ಪಿಸುವುದು ಜಿಲ್ಲೆಯ, ರಾಜ್ಯದ ಸರಾಸರಿಯನ್ನು. ಎರಡೇ ಹುದ್ದೆಗಳಿರುವ ಶಾಲೆಯಲ್ಲಿ ಒಂದು ಖಾಲಿಯಾದರೆ ಕೊರತೆ ಶೇ 50! ಸರಾಸರಿಯಲ್ಲಿ ಅದು ಕಾಣುವುದೇ ಇಲ್ಲ.

ಇಂಥ ಶಾಲೆಯಲ್ಲಿ ಐದು ತರಗತಿಗಳಿಗೆ ಒಬ್ಬರೇ ಶಿಕ್ಷಕರು. ಬಿಸಿಯೂಟದ ಲೆಕ್ಕ, ದಾಖಲಾತಿ, ಇಲಾಖೆಯ ಸಭೆ ಎಲ್ಲವೂ ಅವರದೇ. ಜನಗಣತಿ ಹಾಗೂ ಚುನಾವಣೆಯ ಕೆಲಸಕ್ಕೆ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಅವರು ರಜೆ ಹಾಕಿದರೆ ಶಾಲೆಗೆ ಬೀಗ. ಇಲ್ಲವೇ ಪಕ್ಕದ ಶಾಲೆಯವರ ನಿಯೋಜನೆ, ಅಂದರೆ ಅಲ್ಲೊಂದು ಹೊಸ ಕೊರತೆ. 1995ರಲ್ಲಿ ಹೆಗ್ಗಡದೇವನಕೋಟೆಯಂಥ ಕಾಡಂಚಿನ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ ಹಲವು ತರಗತಿಗಳ ಮಕ್ಕಳನ್ನು ಒಟ್ಟಿಗೆ ಕಲಿಸುವ ದಾರಿ ತೋರಿತು, ನಿಜ. ಆದರೆ ಶಿಕ್ಷಕರೇ ಇಲ್ಲದ ದಿನ ಯಾವ ವಿಧಾನವೂ ಕಲಿಸದು. ಓದಲು ಬಾರದೆ ಐದನೆಯ ತರಗತಿ ದಾಟಿದ ಮಗು ಮುಂದೆ ಶಾಲೆ ಬಿಟ್ಟರೆ, ಅದನ್ನು ಯಾವ ಕಡತವೂ ಶಿಕ್ಷಕರ ಕೊರತೆಯ ಖಾತೆಗೆ ಬರೆಯುವುದಿಲ್ಲ.

ನೇಮಕಾತಿಯಿಂದ ಮಾತ್ರ ಇದು ಬಗೆಹರಿಯದು. ನೇಮಕಗೊಂಡವರು ಕನಿಷ್ಠ ಅವಧಿ ಮುಗಿಯುತ್ತಲೇ ಪಟ್ಟಣದತ್ತ ಮುಖ ಮಾಡಿದರೆ ಅವರನ್ನು ದೂಷಿಸಲಾಗದು. ಬಾಡಿಗೆಗೆ ಮನೆಯಿಲ್ಲ, ಸಂಜೆಯ ಬಸ್ಸಿಲ್ಲ. ಮಹಿಳೆಯರಿಗಂತೂ ಇದು ಸುರಕ್ಷತೆಯ ಪ್ರಶ್ನೆ. ಹೀಗಿರುವಾಗ ಮನೆ ಬಾಡಿಗೆ ಭತ್ಯೆ ನಗರದಲ್ಲಿ ಹೆಚ್ಚು, ಹಳ್ಳಿಯಲ್ಲಿ ಕಡಿಮೆ. ಬಾಡಿಗೆಯ ದೃಷ್ಟಿಯಿಂದ ಇದಕ್ಕೆ ತರ್ಕವಿದೆ. ಒಟ್ಟು ಪರಿಣಾಮ ಮಾತ್ರ ವಿಪರೀತ: ಕಷ್ಟದ ಜಾಗಕ್ಕೆ ಕಡಿಮೆ ಸಂಬಳ. ಅರ್ಥಶಾಸ್ತ್ರದ ಮೊದಲ ಪಾಠ ಓದಿದವನಿಗೂ ಇದರ ಫಲ ತಿಳಿಯುತ್ತದೆ.

ಪರಿಹಾರ ಅಸಾಧ್ಯವೇನಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿಯೇ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತ್ತು. ಮೊದಲ ಹಂತದಲ್ಲಿ ಅಲ್ಲಿನ ದುರ್ಗಮ ಶಾಲೆಗಳ ಶಿಕ್ಷಕರಿಗೆ ನಗರದ ಭತ್ಯೆಯನ್ನು ಮೀರಿಸುವ ವಿಶೇಷ ಭತ್ಯೆ ಕೊಡಲಿ. ಹೋಬಳಿ ಕೇಂದ್ರದಲ್ಲಿ ವಸತಿಗೃಹ ಕಟ್ಟಲಿ. ಇಂತಿಷ್ಟು ವರ್ಷ ಅಲ್ಲಿ ದುಡಿದವರಿಗೆ ಬಯಸಿದ ಸ್ಥಳಕ್ಕೆ ವರ್ಗಾವಣೆಯ ಖಾತ್ರಿಯಿರಲಿ. ಬದಲಿ ಶಿಕ್ಷಕರು ಬರುವವರೆಗೆ ಬಿಡುಗಡೆ ಬೇಡ. ಅತಿಥಿ ಶಿಕ್ಷಕರ ನೇಮಕ ಶಾಲೆ ತೆರೆಯುವ ಮೊದಲೇ ಮುಗಿಯಲಿ. ಶಾಲಾವಾರು ಖಾಲಿ ಹುದ್ದೆಗಳ ಪಟ್ಟಿ ಪ್ರತಿ ತಿಂಗಳು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಪ್ರಕಟವಾಗಲಿ.

ಸಣ್ಣ ಶಾಲೆಗಳನ್ನು ವಿಲೀನಗೊಳಿಸುವುದು ಅಗ್ಗವಲ್ಲವೇ ಎಂದು ಕೇಳುವವರಿದ್ದಾರೆ. ರಸ್ತೆ, ವಾಹನ ಇರುವಲ್ಲಿ ಅದು ಸರಿಯಿರಬಹುದು. ಮಳೆಗಾಲದಲ್ಲಿ ಹಳ್ಳ ದಾಟಬೇಕಾದ ಆರು ವರ್ಷದ ಮಗುವಿಗೆ ವಿಲೀನವೆಂದರೆ ಶಾಲೆಯ ಮುಚ್ಚುವಿಕೆಯೇ. ಉಳಿತಾಯವಾದ ಹಣ ಖಜಾನೆಗೆ. ನಷ್ಟ ಆ ಮಗುವಿನ ಪಾಲಿಗೆ.

ದುರ್ಗಮ ಊರಿನ ಶಾಲೆ ಶಿಕ್ಷೆಯ ತಾಣವಾಗಿರುವವರೆಗೆ ಅಲ್ಲಿ ಶಿಕ್ಷಣ ನೆಲೆಯೂರದು. ಮುಂದಿನ ಮುಂಗಡಪತ್ರ ಆ ಹುದ್ದೆಗೆ ತಕ್ಕ ಬೆಲೆ ಕಟ್ಟಲಿ. ಆಗ ಅಲ್ಲಿಗೆ ತಾವಾಗಿಯೇ ಹೋಗಬಯಸುವ ಶಿಕ್ಷಕರು ಖಂಡಿತ ಮುಂದೆ ಬರುತ್ತಾರೆ.