ತಟಸ್ಥರ ತಕ್ಕಡಿ

ಅದಿರಿಲ್ಲದೆ ಉಕ್ಕಿಲ್ಲ, ಉಕ್ಕಿಲ್ಲದೆ ಫಿರಂಗಿಯಿಲ್ಲ. ಕೆಮ್ಮಣ್ಣುಗುಂಡಿಯ ಅದಿರು ಕರಗಿಸಿದ ಭದ್ರಾವತಿಯ ಕಾರ್ಮಿಕರಿಗೆ ಇದನ್ನು ನಾವು ಹೇಳಿಕೊಡಬೇಕಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ‘ತಟಸ್ಥ’ ಸ್ವೀಡನ್ನಿನಿಂದ ಹಿಟ್ಲರನಿಗೆ ವರ್ಷಕ್ಕೆ ಸುಮಾರು 1 ಕೋಟಿ ಟನ್ ಅದಿರು ಹೋಯಿತು. 1940ರ ಏಪ್ರಿಲ್‌ನಲ್ಲಿ ಬ್ರಿಟನ್ ನಾರ್ವೆಯ ಕಡಲಲ್ಲಿ ಸಿಡಿಗುಂಡು ಹಾಕಿದರೂ ಸಾಗಣೆ ನಿಲ್ಲಲಿಲ್ಲ. ಪೋರ್ಚುಗಲ್ಲಿನ ಟಂಗ್‌ಸ್ಟನ್ ಅದಿರು ಶತ್ರುವಿಗೆ ದಕ್ಕದಿರಲೆಂದು ಮಿತ್ರರಾಷ್ಟ್ರಗಳೇ ದುಬಾರಿ ಬೆಲೆ ತೆತ್ತು ಕೊಂಡವು. ಸಲಜಾರನ ಸರ್ಕಾರ ಎರಡೂ ಕಡೆಗೆ ಮಾರಲು ಬಿಟ್ಟು, 1944ರ ಜೂನ್‌ನಲ್ಲಷ್ಟೇ ಬಾಗಿಲು ಹಾಕಿತು.

ಅದೇ ಯುದ್ಧಕಾಲದಲ್ಲಿ ನಮ್ಮ ಚಿಲ್ಲರೆ ವರ್ತಕನಿಗೆ ಅಕ್ಕಿಗೂ ನಿಯಂತ್ರಣ, ಸೀಮೆಎಣ್ಣೆಗೂ ನಿಯಂತ್ರಣ! ಬಡವನಿಗೆ ಕಾನೂನು, ಗಣಿಧಣಿಗೆ ಚೌಕಾಸಿ. ಇದು ಯಾವ ತಕ್ಕಡಿಯ ನ್ಯಾಯ?

ಲಾಭವೇ ದೊರೆಯಾಗಿರುವ ತನಕ ದಿಗ್ಬಂಧನವೆಂಬುದು ಕಾಗದದ ಬೇಲಿ. ಅದಿರನ್ನು ಯಾರಿಗೆ ಮಾರಬೇಕು, ಯಾರಿಗೆ ಮಾರಬಾರದು ಎಂಬ ಮಾತು ಅಗೆಯುವ, ಕರಗಿಸುವ ಕೈಗಳಿಗೇ ಸಲ್ಲಬೇಕು. ಇದೇ ನಮ್ಮ ಹಕ್ಕೊತ್ತಾಯ.