ಟ್ಯೂಬ್‌ಲೈಟ್ ಆರಿಸಿದ್ದು ಯಾರು?

ಇಲ್ಲಿ ಬರೆಯದೆ ಎರಡು ತಿಂಗಳಾಯ್ತು. ಆಫೀಸು, ರಿಲೀಸು ಅಂತ ನೆಪಗಳು ಇದ್ದೇ ಇರುತ್ತವೆ. ಆದರೆ ಒಂದು ಮಾತು ತಲೆಯಲ್ಲಿ ಕೊರೀತಾನೇ ಇದೆ, ಬರೆದು ಹಗುರಾಗೋಣ ಅಂತ ಕೂತೆ.

ನಮ್ಮಪ್ಪ ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟದಲ್ಲಿ ರೈಟರು. ಬಯಲುಸೀಮೆಯವರಿಗೆ ಒಂದು ಮಾತು: ರೈಟರು ಅಂದ್ರೆ ಕಥೆ ಬರೆಯೋರಲ್ಲ, ಹಾಜರಿ ಬರೆಯೋರು :) ಕಳೆದ ಡಿಸೆಂಬರಿನಲ್ಲಿ, ಹಣ್ಣು ಕುಯ್ಯೋ ಟೈಮಲ್ಲಿ, ಸಿನಿಮಾ ಓದ್ತಿರೋ ನಾಲ್ಕು ಹುಡುಗರು ಆ ತೋಟಕ್ಕೆ ಬಂದಿದ್ರು. ನನ್ನ ಕಾಲೇಜಿನ ಜೂನಿಯರ್ ಒಬ್ಬನ ಸ್ನೇಹಿತರು. ಕೋರ್ಸಿಗಾಗಿ ಹನ್ನೆರಡು ನಿಮಿಷದ ಚಿತ್ರ ತೆಗೀಬೇಕಿತ್ತು. ಲೈನ್ ಮನೆಯ ಹೆಂಗಸೊಬ್ಬಳು ಮಗಳ ಫೀಸಿಗೆ ಸಾಹುಕಾರರ ಹತ್ತಿರ ಅಡ್ವಾನ್ಸ್ ಕೇಳೋಕೆ ಹೋಗೋ ಕಥೆ. ಲೊಕೇಶನ್ ಹೊಂದಿಸಿಕೊಟ್ಟಿದ್ದು ನಾನೇ.

ಹುಡುಗರು ದಡ್ಡರಲ್ಲ. ಸಾಹುಕಾರರನ್ನು ಬಂಗಲೆಯ ಮೆಟ್ಟಿಲ ಮೇಲೆ ನಿಲ್ಲಿಸಿ, ಕ್ಯಾಮೆರಾವನ್ನು ಕೆಳಗೆ ಅಂಗಳದಲ್ಲಿ ಇಟ್ಟಿದ್ರು. ಕೆಳಗಿಂದ ತೋರಿಸಿದ್ರೆ ಮನುಷ್ಯ ದೊಡ್ಡವನಾಗಿ ಕಾಣ್ತಾನೆ ಅನ್ನೋದು ಪುಸ್ತಕದ ಪಾಠ. ಆದರೆ ನಮ್ಮ ಕಡೆ ಆ ಪಾಠವನ್ನ ತೋಟ ಮಾಡಿದವರು ಮೊದಲೇ ಕಲಿತಿದ್ರು. ಬಂಗಲೆ ಇರೋದು ದಿಬ್ಬದ ಮೇಲೆ, ಲೈನು ಕೆಳಗೆ ತಗ್ಗಿನಲ್ಲಿ. ಕ್ಯಾಮೆರಾ ಇಲ್ಲದಿದ್ರೂ ಕೂಲಿಯವರು ತಲೆ ಎತ್ತಿಯೇ ನೋಡ್ಬೇಕು.

ಇನ್ನೊಂದು ಶಾಟ್ ನನಗೆ ತುಂಬಾ ಹಿಡಿಸಿತು. ಸಂಜೆ ಹಣ್ಣು ತೂಕ ಮಾಡೋ ದೃಶ್ಯ. ಫ್ರೇಮಿನಲ್ಲಿ ತಕ್ಕಡಿಯ ಮುಳ್ಳು, ಮೂಟೆ ಹೊತ್ತು ತಂದವಳ ಮುಖ, ಪಕ್ಕದಲ್ಲಿ ಒಂದು ಪುಸ್ತಕ, ಒಂದು ಪೆನ್ನು ಹಿಡಿದ ಕೈ. ಬರೆಯುವವನ ಮುಖವೇ ಇಲ್ಲ. ಅವಳು ನೋಡ್ತಿರೋದು ಮುಳ್ಳನ್ನ, ಆಮೇಲೆ ಪೆನ್ನನ್ನ. ಒಂದೇ ಒಂದು ಡೈಲಾಗ್ ಇಲ್ದೆ ಯಾರ ಕೈಲಿ ಏನಿದೆ ಅಂತ ಗೊತ್ತಾಗಿಬಿಡುತ್ತೆ. ಆ ಕೈ ನಮ್ಮಪ್ಪನದು. ಬಂಗಲೆಯ ಜಗಲಿ ಹತ್ತದೆ ಮೆಟ್ಟಿಲ ಹತ್ತಿರವೇ ನಿಲ್ಲೋ ಅದೇ ಅಪ್ಪ, ಕಣದಲ್ಲಿ ಇಷ್ಟು ದೊಡ್ಡವರಾ ಅಂತ ಮೊದಲ ಸಲ ಅನ್ನಿಸ್ತು.

ಈಗ ಕೊರೀತಿರೋ ವಿಷಯಕ್ಕೆ ಬರ್ತೀನಿ. ಲೈನ್ ಮನೆ ಒಳಗಿನ ದೃಶ್ಯ ತೆಗೆಯುವಾಗ ಡೈರೆಕ್ಟರ್ ಹುಡುಗ "ಟ್ಯೂಬ್‌ಲೈಟ್ ಬೇಡ, ಬಡತನ ಕಾಣಲ್ಲ" ಅಂದ. ಬುಡ್ಡಿ ದೀಪ ಹುಡುಕಿ ತಂದ್ವಿ. ಟಿವಿ ಮೇಲೆ ಕಂಬಳಿ ಹೊದೆಸಿದ್ವಿ. ಚಿತ್ರ ಮುಗಿದ ಮೇಲೆ ಅದೇ ಕಣದಲ್ಲಿ ಬೆಡ್‌ಶೀಟ್ ಕಟ್ಟಿ ಎಲ್ಲರಿಗೂ ತೋರಿಸಿದಾಗ, ಆ ಮನೆಯ ಅಕ್ಕ ನನ್ನ ಹತ್ತಿರ ಬಂದು ಕೇಳಿದ್ರು: "ಏನ್ ತಮ್ಮಾ, ನಮ್ಮನೇಲಿ ಕರೆಂಟಿಲ್ವಾ? ನೀವ್ ಬರ್ತೀರಿ ಅಂತ ಟ್ಯೂಬ್‌ಲೈಟ್ ಒರೆಸಿಟ್ಟಿದ್ದೆ."

ಆವತ್ತೇ ಹೇಳ್ಬಹುದಿತ್ತಲ್ಲ ಅಕ್ಕಾ ಅಂದೆ. "ಸಾಹುಕಾರ್ರು ಹ್ಞೂಂ ಅಂದ್ಮೇಲೆ ನಾನೇನ್ ಹೇಳ್ಲಿ" ಅಂದ್ರು.

ಆಗ ಹೊಳೀತು. ಅವರ ಮನೆ ಒಳಗೆ ಶೂಟ್ ಮಾಡೋಕೆ ನಾನು ಪರ್ಮಿಶನ್ ಕೇಳಿದ್ದು ಸಾಹುಕಾರರನ್ನ. ಅವರನ್ನಲ್ಲ. ಕೂಲಿಯವರಿಗೆ ಮನೆ ಕೊಡೋದು ಮಾಲೀಕರ ಜವಾಬ್ದಾರಿ ಅಂತ 1951ರ ಪ್ಲಾಂಟೇಶನ್ ಕಾಯ್ದೆ ಹೇಳಿತ್ತು. ಒಳ್ಳೇದೇ. ಆದರೆ ಕೆಲಸದ ಜೊತೆ ಬಂದ ಮನೆ ಕೆಲಸದ ಜೊತೆಗೇ ಹೋಗುತ್ತೆ. ಅಂಥಾ ಮನೆಯ ಬಾಗಿಲಿಗೆ ಬಂದವರಿಗೆ ಬೇಡ ಅನ್ನೋಕೆ ಆಗುತ್ತಾ? ಚಿತ್ರದ ನಿಜವಾದ ಕಥೆ ಅದೇ ಆಗಿತ್ತು, ಮತ್ತು ಅದು ಕ್ಯಾಮೆರಾದ ಹಿಂದೆ ನಡೀತಿತ್ತು. ಸ್ವಿಚ್ ಒತ್ತಿ ಟ್ಯೂಬ್‌ಲೈಟ್ ಆರಿಸಿದ್ದು ನಾನೇ.

ಹಾಗಂತ ಕತ್ತಲೆಯೇ ತಪ್ಪು ಅಂತಲ್ಲ. ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನಲ್ಲಿ ಓದ್ತಿದ್ದಾಗ ನಮ್ಮ ಮೈಸೂರಿನ ಚಿದಾನಂದ ಎಸ್. ನಾಯ್ಕ್ ನಾಲ್ಕು ದಿನದಲ್ಲಿ ತೆಗೆದ "ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ" 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ತಂತು. ಹದಿನಾರು ನಿಮಿಷದ ಕನ್ನಡ ಚಿತ್ರ. ಮುದುಕಿಯೊಬ್ಬಳು ಊರಿನ ಹುಂಜ ಕದೀತಾಳೆ, ಊರಿಗೆ ಬೆಳಗಾಗೋದೇ ನಿಲ್ಲುತ್ತೆ. ಅಲ್ಲೂ ಕತ್ತಲೆಯೇ. ಆದರೆ ಅದು ಬಡವರ ಮನೆಗೆ ಮಾತ್ರ ಬಳಿದ ಕತ್ತಲೆ ಅಲ್ಲ, ಇಡೀ ಊರಿನ ಮೇಲೆ ಬಿದ್ದದ್ದು. ಅದನ್ನ ತಂದವಳು ಯಾವ ಅಧಿಕಾರವೂ ಇಲ್ಲದ ಮುದುಕಿ. ನಾವು ಬುಡ್ಡಿ ದೀಪ ಹಚ್ಚಿ ಅಕ್ಕನನ್ನ ಇನ್ನಷ್ಟು ಸಣ್ಣವರನ್ನಾಗಿ ಮಾಡಿದ್ವಿ. ಅಲ್ಲಿ ಕತ್ತಲೆ ಮುದುಕಿಯ ಕೈಗೆ ಬಲ ಕೊಡುತ್ತೆ.

ಅದೇ ಇನ್‌ಸ್ಟಿಟ್ಯೂಟಿನಲ್ಲಿ ಓದಿ ಬಂದ ನಮ್ಮ ಮಲೆನಾಡಿನ ಗಿರೀಶ್ ಕಾಸರವಳ್ಳಿ 1977ರಲ್ಲಿ "ಘಟಶ್ರಾದ್ಧ" ಮಾಡಿದ್ರು. ಅದರಲ್ಲಿ ಅಗ್ರಹಾರವನ್ನ ನಾವು ನೋಡೋದು ನಾಣಿ ಅನ್ನೋ ಪುಟ್ಟ ಹುಡುಗನ ಕಣ್ಣಿಂದ. ದೊಡ್ಡವರ ನ್ಯಾಯ ತೀರ್ಮಾನಗಳು ಅಷ್ಟು ಭಯಂಕರವಾಗಿ ಕಾಣೋದು ಅದಕ್ಕೇ ಅಂತ ನನಗನ್ನಿಸುತ್ತೆ. ನಾಣಿಯ ಜಾಗದಲ್ಲಿ ಮಠದ ಉಪಾಧ್ಯಾಯರನ್ನ ಕೂರಿಸಿದ್ರೆ ಅದೇ ಕಥೆ ಬೇರೆ ಸಿನಿಮಾ ಆಗ್ತಿತ್ತು.

ನಮ್ಮ ಗುಡ್ಡಗಳಿಗೆ, ಕಳಸ ಆಗಲಿ ಮುಳ್ಳಯ್ಯನಗಿರಿ ಆಗಲಿ, ಕ್ಯಾಮೆರಾ ತಂದವರು ಬಹಳಷ್ಟು ಜನ ಮೊದಲು ಡ್ರೋನ್ ಹಾರಿಸ್ತಾರೆ. ಮೇಲಿಂದ ಮಂಜು, ಸಿಲ್ವರ್ ಓಕ್, ಹಸಿರು ಎಲ್ಲಾ ಚೆಂದ. ಲೈನ್ ಮನೆಗಳು ಮರದಡಿ ಮುಚ್ಚಿಹೋಗಿರುತ್ತವೆ. ಇಳಿದು ಬಂದ್ರೆ ಬುಡ್ಡಿ ದೀಪ ಬೇಕು. ಎರಡರ ನಡುವೆ, ಸಂಜೆ ಕೆಲಸ ಮುಗಿಸಿ ಬಂದು ಟ್ಯೂಬ್‌ಲೈಟ್ ಹಾಕಿ, ಮಗಳ ಹೋಮ್‌ವರ್ಕ್ ಪಕ್ಕ ಕೂತು ಅಕ್ಕಿ ಆರಿಸೋ ಹೆಂಗಸು ಯಾವ ಫ್ರೇಮಿಗೂ ಸಿಗಲ್ಲ. ಬೆಳಕಿದ್ರೂ ಅಡ್ವಾನ್ಸಿಗೆ ಕೈ ಚಾಚಬೇಕಾಗಿರೋದು ಹೆಚ್ಚು ನೋವಿನ ಚಿತ್ರ ಅಲ್ವಾ?

ಹುಡುಗರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಡೈರೆಕ್ಟರ್ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಸೀನ್ ಮತ್ತೆ ತೆಗೀಬಹುದಾ ಅಣ್ಣಾ" ಅಂದ. ಅಕ್ಕನ್ನ ಕೇಳಿ ಹೇಳ್ತೀನಿ ಅಂದಿದೀನಿ. ಈ ಸಲ ಮೊದಲು ಅವರನ್ನೇ ಕೇಳ್ಬೇಕು. ಬೇಡ ಅಂದ್ರೆ ಬೇಡ.

ನಿಮ್ಮೂರಿಗೆ ಕ್ಯಾಮೆರಾ ಬಂದಾಗ ಅದು ಯಾರ ಜಗಲಿ ಮೇಲೆ ನಿಂತಿತ್ತು? ನೆನಪಿದ್ರೆ ನೀವೂ ಬರೀರಿ.